ಥಾರ್‌ನ ಹೊಟ್ಟೆಗೆ ಡಿಸ್ಟೆಂಪರ್ ಬಳಿದು ಸ್ಕಿಡ್ ಪ್ಲೇಟ್ ಮಾಡಿಸಿದ ಕಥೆ

ಹೋದ ನವೆಂಬರ್‌ನಲ್ಲಿ ಮಳೆಗಾಲದ ಕೆಸರೆಲ್ಲ ಒಣಗಿದ ಮೇಲೆ ನನ್ನ ಮಹೀಂದ್ರಾ ಥಾರ್ ಜೀಪನ್ನು ಸರ್ವಿಸ್ ಹೊಂಡದ ಮೇಲೆ ನಿಲ್ಲಿಸಿ, ಕಲ್ಲಿನ ಏಟಿನಿಂದ ಗಾಡಿಯ ತಳವನ್ನು ಕಾಯುವ ಸ್ಕಿಡ್ ಪ್ಲೇಟಿನ ನಡುಭಾಗವನ್ನು ಬಿಚ್ಚಿ ಕೆಳಗಿಳಿಸಿದೆ. ಪ್ಲೇಟಿನ ತಳದಲ್ಲಿ ಕಲ್ಲು ಉಜ್ಜಿದ ಗೀರುಗಳು ಎಣಿಕೆಗೆ ಸಿಗದಷ್ಟಿದ್ದವು. ಅದರ ಮೇಲಿದ್ದ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಮಾತ್ರ ಒಂದು ಉಗುರು ಗೀರೂ ಬಿದ್ದಿರಲಿಲ್ಲ. ಎರಡು ಮಳೆಗಾಲ ಸಕಲೇಶಪುರ, ಹಾನುಬಾಳು, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಓಡಿಸಿದ ನಂತರದ ಸ್ಥಿತಿ ಇದು. ಈ ಪ್ಲೇಟು ಒಂದು ಮಳೆಗಾಲವನ್ನೂ ದಾಟುವುದಿಲ್ಲ ಎಂದು ನಮ್ಮ ಜೀಪು ಓಡಿಸುವ ಬಳಗದಲ್ಲಿ ಕಡಿಮೆಯೆಂದರೂ ನಾಲ್ವರು ಹೇಳಿದ್ದರು, ಆದ್ದರಿಂದ ಇದನ್ನು ಬರೆಯುವುದರಲ್ಲಿ ಸ್ವಲ್ಪ ಜಂಬವೂ ಇದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನದು 2021ರ ಡೀಸೆಲ್ ಥಾರ್, ಮ್ಯಾನುಯಲ್ ಗೇರು. ಕೊಂಡ ಆರು ತಿಂಗಳಲ್ಲೇ ಎಲ್ಲರಂತೆ ನಾನೂ ಒಂದು ಸಿದ್ಧ ಅಲ್ಯೂಮಿನಿಯಂ ಪ್ಲೇಟ್ ತರಿಸಿದೆ. 6 ಮಿ.ಮೀ. ದಪ್ಪದ ಅದಕ್ಕೆ ಸುಮಾರು 17,000 ರೂಪಾಯಿ ಬಿತ್ತು. ನೋಡಲು ಲಕ್ಷಣವಾಗಿತ್ತು, ಹಗುರವಾಗಿಯೂ ಇತ್ತು. ಆದರೆ ಅಲ್ಯೂಮಿನಿಯಂ ಕಲ್ಲಿನ ಮೇಲೆ ಜಾರುವುದಿಲ್ಲ, ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಹೊಳೆಯ ಉರುಟು ಕಲ್ಲಿನ ಮೇಲೆ ಇದು ಅಷ್ಟಾಗಿ ತಿಳಿಯದು. ತೋಟದ ಏರಿನಲ್ಲಿ ಎದ್ದು ನಿಂತ ಚೂಪು ಅಂಚಿನ ಬಂಡೆಯ ಮೇಲೆ ಗಾಡಿಯ ತೂಕವೆಲ್ಲ ಕುಳಿತಾಗ ನೇಗಿಲು ಉತ್ತಂತೆ ಲೋಹ ಎದ್ದು ಬಂದು ಗಾಡಿ ಅಲ್ಲಿಯೇ ನಿಂತುಬಿಡುತ್ತದೆ. ಜೊತೆಗೆ ಅದರ ಬೋಲ್ಟುಗಳ ತಲೆಗಳು ಕೆಳಗೆ ಚಾಚಿಕೊಂಡಿದ್ದವು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕರಲ್ಲಿ ಎರಡರ ತಲೆ ಹಾರಿಹೋಗಿ, ಉಳಿದ ಎರಡು ಪಾನಾ ಹಿಡಿಯಲಾರದಷ್ಟು ಸವೆದು, ಕೊನೆಗೆ ಗ್ರೈಂಡರ್‌ನಿಂದ ಕೊಯ್ದೇ ತೆಗೆಯಬೇಕಾಯಿತು.

ಎರಡನೆಯದು ಹಾಸನದಲ್ಲಿ ಮಾಡಿಸಿದ 5 ಮಿ.ಮೀ. ಕಬ್ಬಿಣದ ಚಪ್ಪಟೆ ಹಲಗೆ. ಬ್ರಾಕೆಟ್‌ಗಳೂ ಸೇರಿ 32 ಕೆ.ಜಿ. ಇದ್ದಿರಬೇಕು, ಖರ್ಚು ಸುಮಾರು 8,000 ರೂಪಾಯಿ. ಆಯಿಲ್ ಬದಲಿಸಲು ಅದರಲ್ಲಿ ತೂತಿರಲಿಲ್ಲ, ಕೆಸರು ಇಳಿಯಲು ದಾರಿಯಿರಲಿಲ್ಲ. ಆದರೂ ಎಂಜಿನ್ ಆಯಿಲ್ ತುಂಬಿರುವ ಚೇಂಬರಿನ ಕೆಳಗೆ ಇಂಥ ಕೋಟೆಯಿದೆ ಎಂಬ ಧೈರ್ಯದಲ್ಲಿ 2022ರ ಆಗಸ್ಟಿನಲ್ಲಿ ಗೆಳೆಯರೊಬ್ಬರ ತೋಟದ ದಿಬ್ಬವೊಂದನ್ನು ಹತ್ತಿಸಿದೆ. ಮುಂದಿನ ಚಕ್ರಗಳು ದಿಬ್ಬವನ್ನು ದಾಟಿದವು, ಹಿಂದಿನವು ಇನ್ನೂ ಈಚೆಗಿದ್ದವು, ಹೊಟ್ಟೆ ಬಂಡೆಯ ಮೇಲೆ ಕುಳಿತಿತು. ಟಪ್ಪೆಂಬ ಸದ್ದು ಕೇಳಿಸಿ ಇಳಿದು ನೋಡಿದರೆ ಟ್ರಾನ್ಸ್‌ಫರ್ ಕೇಸಿನ ಎರಕದ ಕವಚ ಸೀಳಿ ಆಯಿಲ್ ಸುರಿಯುತ್ತಿತ್ತು. ತಪ್ಪು ಗಾಡಿಯದಲ್ಲ, ಸಂಪೂರ್ಣವಾಗಿ ನನ್ನದೇ. ಎಳೆದು ತಂದದ್ದೂ ಸೇರಿ ನಲವತ್ತು ಸಾವಿರ ದಾಟಿತು. ಕೋಟೆ ಕಟ್ಟಿದ್ದು ಒಂದು ಕಡೆ, ಶತ್ರು ನುಗ್ಗಿದ್ದು ಇನ್ನೊಂದು ಕಡೆ.

ಬಳಗದವರ ಸಲಹೆ ಒಂದೇ: ಇನ್ನೂ ದಪ್ಪ ಹಾಕಿಸು, ಉದ್ದಕ್ಕೂ ಹಾಕಿಸು. ನನಗೆ ಅದಕ್ಕಿಂತ ಮೊದಲು ಕಲ್ಲು ನಿಜವಾಗಿ ಎಲ್ಲಿ ತಾಗುತ್ತದೆ ಎಂಬುದು ತಿಳಿಯಬೇಕಿತ್ತು. ಮರುವರ್ಷ ಮಾರ್ಚ್‌ನಲ್ಲಿ ಹಳ್ಳಗಳು ಬತ್ತಿದ್ದಾಗ ಹಳೆಯ ಪ್ಲೇಟನ್ನು ಬಿಚ್ಚಿ, ಚೇಂಬರು ಮತ್ತು ಟ್ರಾನ್ಸ್‌ಫರ್ ಕೇಸಿನ ಕೆಳಗೆ ಹಳೆಯ ತಗಡಿನ ತುಂಡುಗಳನ್ನು ತಂತಿಯಿಂದ ಕಟ್ಟಿ, ಇಡೀ ಹೊಟ್ಟೆಗೆ ಸುಣ್ಣ ಬಳಿದೆ. ಅಂಗಳಕ್ಕೆ ಬಂದ ಗೆಳೆಯ, "ಏನ್ ಮಾರಾಯಾ, ಗಾಡಿಗೂ ಸುಣ್ಣ ಹೊಡೀತಿದೀಯ, ಮನೇಲಿ ಮದುವೆನಾ?" ಎಂದು ನಕ್ಕ. ಅವನ ನಗುವಿನಲ್ಲಿ ಒಂದರ್ಥವಿತ್ತು, ಏಕೆಂದರೆ ಸುಣ್ಣ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಗೇರ್ ಬಾಕ್ಸಿನ ಮೈಮೇಲೆ ಎರಡೇ ದಿನದಲ್ಲಿ ಮಂಕು ಕಲೆಗಳು ಮೂಡಿದವು. ಎಲ್ಲವನ್ನೂ ತೊಳೆದು, ಮನೆಗೆ ಬಳಿದು ಉಳಿದಿದ್ದ ಬಿಳಿ ಡಿಸ್ಟೆಂಪರನ್ನು ಹೊಡೆದೆ. ಮೂರು ದಿನ ಎಂದಿನ ದಾರಿಗಳಲ್ಲೇ, ಎಂದಿನ ವೇಗದಲ್ಲೇ ಓಡಿಸಿ, ಬಳಿಕ ಟಾರ್ಚ್ ಹಿಡಿದು ಕೆಳಗೆ ಮಲಗಿ ಎಣಿಸಿದೆ.

ನಲವತ್ತರ ಹತ್ತಿರ ಗುರುತುಗಳಿದ್ದವು. ಚೇಂಬರಿನ ಕೆಳಗೆ ಆರೋ ಏಳೋ ಇದ್ದವು. ಇಪ್ಪತ್ತೈದಕ್ಕೂ ಹೆಚ್ಚು ಗುರುತುಗಳು ಗೇರ್ ಬಾಕ್ಸನ್ನು ಹೊತ್ತ ಅಡ್ಡ ತೊಲೆಯಿಂದ (ಕ್ರಾಸ್ ಮೆಂಬರ್) ಟ್ರಾನ್ಸ್‌ಫರ್ ಕೇಸಿನವರೆಗಿನ ಒಂದೂವರೆ ಅಡಿಯಲ್ಲೇ ತುಂಬಿಕೊಂಡಿದ್ದವು. ಮಿಕ್ಕವು ಹಿಂದಿನ ಆಕ್ಸಲ್ಲನ್ನು ಹಿಡಿದಿಡುವ ಲಿಂಕ್ ಬ್ರಾಕೆಟ್‌ಗಳ ಮೇಲಿದ್ದವು. ಈ ಗಾಡಿಯ ಮೂತಿಯ ಕೋನ, ಅಂದರೆ ಮೂತಿ ತಾಗದೆ ಏರಬಲ್ಲ ಏರಿನದು, ಸುಮಾರು 42 ಡಿಗ್ರಿ; ಹೊಟ್ಟೆಯ ಕೋನ, ಅಂದರೆ ಹೊಟ್ಟೆ ತಾಗದೆ ದಾಟಬಲ್ಲ ದಿಬ್ಬದ್ದು, 27 ಡಿಗ್ರಿಯ ಆಸುಪಾಸು. ಆ ಅಂಕಿಗಳನ್ನು ನಾನು ಹತ್ತು ಸಲ ಓದಿದ್ದರೂ ಅವುಗಳ ಅರ್ಥ ತಿಳಿದದ್ದು ಆ ದಿನ ಮಣ್ಣಿನ ಮೇಲೆ ಅಂಗಾತ ಮಲಗಿದಾಗ. ಇನ್ನೊಂದು ಸಂಗತಿಯೂ ಕಾಣಿಸಿತು: ಗುರುತುಗಳಲ್ಲಿ ಮೂರನೇ ಎರಡು ಭಾಗ ಎಡಗಡೆಯೇ ಇದ್ದವು. ಬಲಕ್ಕೆ ಕುಳಿತು ಓಡಿಸುವವನಿಗೆ ಬಲಚಕ್ರ ಎಲ್ಲಿ ಬೀಳುತ್ತದೆಂಬುದು ಗೊತ್ತಿರುತ್ತದೆ, ಎಡಗಡೆಯದು ಅಂದಾಜು. ಕಲ್ಲು ಆ ಅಂದಾಜನ್ನು ಲೆಕ್ಕ ಹಾಕಿ ತೋರಿಸಿತ್ತು.

ಹೀಗಾಗಿ ಪ್ಲೇಟನ್ನು ಎರಡು ತುಂಡು ಮಾಡಿದೆ. ಚೇಂಬರಿನ ಕೆಳಗೆ 3 ಮಿ.ಮೀ., ನಡುವಿಗೆ 4 ಮಿ.ಮೀ. ಎರಡೂ ಸಾಮಾನ್ಯ ಕಬ್ಬಿಣವಲ್ಲ, ಲಾರಿ ಬಾಡಿ ಕಟ್ಟುವ ಕಡೆ ಉಳಿಯುವ ಇ350 ದರ್ಜೆಯ ಗಟ್ಟಿ ಉಕ್ಕಿನ ಹಲಗೆಯ ತುಂಡುಗಳು. ವೆಲ್ಡಿಂಗ್ ಮೇಸ್ತ್ರಿ ತುಂಡನ್ನು ಬೆರಳಿನಿಂದ ತಟ್ಟಿ ನೋಡಿ, "ಸಾರ್, ಮುಂದಿಂದು ಇಷ್ಟು ತೆಳು ಆದ್ರೆ ನಿಲ್ಲತ್ತಾ?" ಎಂದು ಕೇಳಿದ. ಅವನ ಅಂಗಡಿಯ ಮಾಡಿನ ಜಿಂಕ್ ಶೀಟನ್ನೇ ತೋರಿಸಿದೆ. ಅಷ್ಟು ತೆಳುವಾದ ತಗಡು ಮನುಷ್ಯನ ಭಾರ ತಡೆಯುವುದು ಅದರ ಅಲೆಗಳಿಂದ. ನನ್ನ ಪ್ಲೇಟಿಗೂ ಗಾಡಿ ಓಡುವ ದಿಕ್ಕಿನಲ್ಲೇ ಉದ್ದಕ್ಕೆ ಮೂರು ಮಡಿಕೆಗಳನ್ನು ಬೆಂಡಿಂಗ್ ಮೆಷಿನ್ನಿನಲ್ಲಿ ಹಾಕಿಸಿದೆ. ಅಡ್ಡ ಮಡಿಕೆ ಹಾಕಿದರೆ ಪ್ರತಿಯೊಂದೂ ಕಲ್ಲಿಗೆ ಕೊಕ್ಕೆಯಾಗುತ್ತದೆ. ಎರಡು ತುಂಡುಗಳ ಸಂದನ್ನು ಮಂಗಳೂರು ಹೆಂಚಿನ ಹಾಗೆ ಕೂರಿಸಿದೆ: ಮುಂದಿನದರ ಹಿಂಬದಿ ಅಂಚು ಕೆಳಗೆ, ಹಿಂದಿನದರ ಮುಂಬದಿ ಅಂಚು ಮೇಲೆ. ಮುಂದೆ ಹೋಗುವಾಗ ಕಲ್ಲಿಗೆ ಹಿಡಿಯಲು ಏನೂ ಸಿಗುವುದಿಲ್ಲ. ರಿವರ್ಸಿನಲ್ಲಿ ಸಿಗುತ್ತದೆ, ಅದಕ್ಕಾಗಿ ಕೆಳಗಿನ ಅಂಚನ್ನು ತುಸು ಮೇಲಕ್ಕೆ ಮಡಿಸಿದ್ದೇನೆ. ಮೂತಿಯ ತುಟಿಯನ್ನು ಎಷ್ಟು ಕೋನಕ್ಕೆ ಎತ್ತಿದ್ದೇನೆಂಬುದನ್ನು ಮಾತ್ರ ಇಲ್ಲಿ ಹೇಳಲಾರೆ. ಆ ಅಳತೆ ಸಿಗಲು ಮೂರು ರಟ್ಟಿನ ಮಾದರಿ ಮತ್ತು ಒಂದು ಹಾಳಾದ ಹಲಗೆ ಬೇಕಾದವು, ಅದು ಸದ್ಯ ನನ್ನಲ್ಲಿಯೇ ಇರಲಿ.

ಕೂರಿಸುವ ಕೆಲಸವೇ ಹೆಚ್ಚು ದಿನ ತಿಂದಿತು. ಛಾಸಿಗೆ ಹೊಸ ತೂತು ಕೊರೆಯಲಿಲ್ಲ, ವೆಲ್ಡ್ ಮಾಡಲಿಲ್ಲ. ಇರುವ ತೂತುಗಳ ಒಳಗೆ ನಟ್ ಬೆಸೆದ ಪಟ್ಟಿಗಳನ್ನು ತೂರಿಸಿದೆ. ಮೊದಲ ಸಲ ನಾಲ್ಕು ಮೂಲೆಗಳನ್ನೂ ಬಿಗಿಯಾಗಿ ಕಟ್ಟಿದ್ದೆ. ಛಾಸಿ ತಿರುಚಿದಾಗಲೆಲ್ಲ ಪ್ಲೇಟ್ ಅದನ್ನು ತಡೆಯಲು ಹೋಗಿ, ಒಂದು ತಿಂಗಳಲ್ಲಿ ಬ್ರಾಕೆಟ್ಟಿನ ಬೆಸುಗೆ ಬಿಟ್ಟಿತು. ಈಗ ಎಡಗಡೆಯ ತೂತುಗಳು ಉದ್ದುದ್ದವಾಗಿವೆ, ನಡುವೆ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರ್ ತುಂಡುಗಳಿವೆ. ಬೋಲ್ಟುಗಳು 10 ಮಿ.ಮೀ., 8.8 ದರ್ಜೆಯ ಗಟ್ಟಿ ಉಕ್ಕಿನವು, ಪ್ರತಿಯೊಂದರ ತಲೆಯ ಸುತ್ತ ದಪ್ಪ ಪೈಪಿನ ಉಂಗುರ ಬೆಸೆದಿರುವುದರಿಂದ ಕಲ್ಲು ಉಂಗುರವನ್ನು ಉಜ್ಜುತ್ತದೆ, ತಲೆ ಹಾಗೆಯೇ ಉಳಿಯುತ್ತದೆ. ಚೇಂಬರಿಗೂ ಪ್ಲೇಟಿಗೂ ನಡುವೆ ಎರಡು ಬೆರಳು ಅಂತರ ಬಿಟ್ಟಿದ್ದೇನೆ. ಬಂಪರಿನ ಹಿಂದಿರುವ, ಡಿಕ್ಕಿಯಲ್ಲಿ ಕುಗ್ಗಬೇಕಾದ ಭಾಗಕ್ಕೆ ಯಾವುದನ್ನೂ ಕಟ್ಟಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಆ ಜಾಗವನ್ನು ಬಿಗಿಗೊಳಿಸುವ ಧೈರ್ಯ ನನಗಿಲ್ಲ.

ನಡುವೆ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ಪ್ಲೇಟಿನ ತಳಕ್ಕೆ 10 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಬೆಣ್ಣೆಯಂತೆ ಜಾರುತ್ತದೆ ಎಂದು ಕೇಳಿದ್ದೆ. ಜಾರಿದ್ದು ನಿಜ. ಆದರೆ ಜಂಬಿಟ್ಟಿಗೆಯ ಹರಳುಗಳು ಅದರೊಳಗೆ ಹೂತು, ಅಂಚು ಸೀಳಿ, ಅಕ್ಟೋಬರ್ ಹೊತ್ತಿಗೆ ಹಾಳೆ ನೇತಾಡತೊಡಗಿತು. 4,000 ರೂಪಾಯಿ ಹೋಯಿತು. ಬಂಡೆಯೇ ಹೆಚ್ಚಿರುವ ಕಡೆ ಅದು ಬಾಳೀತು, ನಮ್ಮ ಮಣ್ಣಿಗೆ ಸಲ್ಲದು.

ಹೆದರಿಸಿದ್ದು ಬೇರೆಯೇ ಒಂದು ಸಂಗತಿ. ಫೆಬ್ರವರಿಯ ಒಂದು ಮಧ್ಯಾಹ್ನ ತೋಟದಿಂದ ಬರುವಾಗ ಸುಟ್ಟ ವಾಸನೆ ಬಂತು. ಸಿಲ್ವರ್ ಓಕ್ ಎಲೆಗಳು ನಡುಪ್ಲೇಟಿನ ಮೇಲೆ ಗೂಡಿನಂತೆ ತುಂಬಿಕೊಂಡು ಎಕ್ಸಾಸ್ಟಿಗೆ ಒತ್ತಿಕೊಂಡಿದ್ದವು. ಬಿಎಸ್6 ಹೊಗೆ ನಿಯಮದ ಡೀಸೆಲ್ ಗಾಡಿ ತನ್ನ ಫಿಲ್ಟರಿನ ಮಸಿಯನ್ನು ಸುಡುವಾಗ ಒಳಗಿನ ಶಾಖ 600 ಡಿಗ್ರಿಯ ಹತ್ತಿರ ಹೋಗುತ್ತದೆ. ಎಲೆಗಳ ಅಂಚುಗಳು ಆಗಲೇ ಕಂದಿದ್ದವು. ಆ ಸಂಜೆಯೇ ಪ್ಲೇಟ್ ಬಿಚ್ಚಿ, ಎಕ್ಸಾಸ್ಟಿನ ಕೆಳಗಿನ ಭಾಗವನ್ನು ಅಂಗೈ ಅಗಲ ಕೊಯ್ದು ತೆಗೆದೆ, ಉಳಿದೆಡೆ ಉದ್ದನೆಯ ಕಿಂಡಿಗಳನ್ನು ಕೊರೆಸಿದೆ. ಈಗ ಕೆಸರೂ ಅಲ್ಲಿಂದಲೇ ಇಳಿಯುತ್ತದೆ. ಗೇರ್ ಬಾಕ್ಸಿನ ಮೈಶಾಖ ಮೊದಲಿಗಿಂತ ಐದಾರು ಡಿಗ್ರಿ ಇಳಿದಂತೆ ಥರ್ಮಾಮೀಟರ್ ಗನ್ ತೋರಿಸಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೈ ಹಾಕಿ ಎಲೆ ತೆಗೆಯುವುದು ಮಾತ್ರ ತಪ್ಪಿಲ್ಲ.

ಹಲಗೆ, ಬೆಂಡಿಂಗ್, ಬೋಲ್ಟು, ಕೂಲಿ, ಬಣ್ಣ ಎಲ್ಲ ಸೇರಿ ಕೊನೆಯ ಜೋಡಿಗೆ 9,000 ರೂಪಾಯಿಯ ಆಸುಪಾಸು ಆಯಿತು, ತೂಕ 34 ಕೆ.ಜಿ. ಅಂದರೆ ಹಳೆಯ ಹಲಗೆಗಿಂತ ಹಗುರವೇನಲ್ಲ. ಹೆಚ್ಚುಕಡಿಮೆ ಅದೇ ತೂಕ ಈಗ ಇನ್ನೂ ಹೆಚ್ಚು ಜಾಗವನ್ನು ಕಾಯುತ್ತಿದೆ. ಉಳಿದಿರುವ ಕೊರತೆ ಒಂದೇ: ಮೂರನೇ ಗೇರಿನಲ್ಲಿ 2,000 ಆರ್‌ಪಿಎಂ ದಾಟುವಾಗ ಎಡಗಡೆ ಎಲ್ಲೋ ಒಂದು ಝೇಂಕಾರ ಕೇಳಿಸುತ್ತದೆ. ರಬ್ಬರ್ ಬದಲಿಸಿದ್ದಾಯಿತು, ಬೋಲ್ಟ್ ಬಿಗಿ ಮಾಡಿದ್ದಾಯಿತು. ಹೆಂಚಿನ ಸಂದಿನಲ್ಲೇ ಎರಡು ಅಂಚುಗಳು ತಾಗುತ್ತಿವೆ ಎಂಬ ಅನುಮಾನವಿದೆ. ಮುಂದಿನ ಆಯಿಲ್ ಬದಲಾವಣೆಯ ದಿನ ಅಲ್ಲಿಗೂ ಸ್ವಲ್ಪ ಡಿಸ್ಟೆಂಪರ್ ಬಳಿದು ನೋಡಬೇಕೆಂದಿದ್ದೇನೆ.