ಹಾಜರಿ ಹೊತ್ತಿನ ಮಾತು

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ಹಾಕಿ, ಯಾರು ಎಲ್ಲಿ ಏನು ಮಾಡಬೇಕು ಅಂತ ಹೇಳುವುದು ನನ್ನ ಕೆಲಸ. ಎದುರಿಗೆ ನಿಂತವರಲ್ಲಿ ಯರವರಿದ್ದಾರೆ, ತಮಿಳರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ಸಾಹುಕಾರರದ್ದು ಕೊಡವ ತಕ್ಕ್, ನನ್ನದು ಅರೆಭಾಷೆ. ಕನ್ನಡ ಎಲ್ಲರಿಗೂ ಅಷ್ಟೋ ಇಷ್ಟೋ ಬರುತ್ತದೆ.

"ಅರ್ಥ ಆಯ್ತಾ?" ಅಂತ ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ರೈಟರ್ ಎದುರು ಇಲ್ಲ ಅನ್ನುವುದು ಹೇಗೆ, ಅಲ್ವಾ? ಅದರ ಬದಲು, "ಅಕ್ಕಾ, ಇವತ್ತು ಎಲ್ಲಿಂದ ಶುರು ಮಾಡ್ತೀರಿ?" ಅನ್ನುತ್ತೇನೆ. ನಾನು ಹೇಳಿದ್ದು ಮುಟ್ಟಿದೆಯೋ ಇಲ್ಲವೋ ಉತ್ತರದಲ್ಲೇ ಗೊತ್ತಾಗುತ್ತದೆ.

ಸಂವಹನದ ಪಾಠಗಳಲ್ಲಿ ಒಂದು ಚಿತ್ರ ಬರುತ್ತದೆ: ಕಳಿಸುವವರು, ಪಡೆಯುವವರು, ನಡುವೆ ಗದ್ದಲ. ಅದರ ಮೂಲ ಅಮೆರಿಕದ ಕ್ಲಾಡ್ ಶ್ಯಾನನ್ 1948ರಲ್ಲಿ ಬರೆದ ಪ್ರಬಂಧ. ಮಾತಿನ ಅರ್ಥ ಏನು ಅನ್ನುವುದು ಎಂಜಿನಿಯರಿಂಗ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಆತನೇ ಅದರಲ್ಲಿ ಹೇಳಿದ್ದಾನೆ. ಕಳೆ ಹೊಡೆಯುವ ಮೆಷಿನ್ ನಿಲ್ಲಿಸಿದರೆ ಆ ಗದ್ದಲ ಮುಗಿಯಿತು. ನಮ್ಮ ಕಷ್ಟ ಅಲ್ಲಿಂದ ಮುಂದೆ.

ಅರೇಬಿಕಾ ಕಾಫಿ ಕುಯ್ಲನ್ನೇ ನೋಡಿ. "ಹಣ್ಣು ಮಾತ್ರ ಕುಯ್ಯಿರಿ" ಅಂತ ಎಷ್ಟು ಜೋರಾಗಿ ಹೇಳಿದರೂ ಚೀಲದಲ್ಲಿ ಹಸಿರು ಕಾಯಿ ಬರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ. ಹಸಿರು ಕಾಯಿಯೂ ತೂಗುತ್ತದೆ! ಬಾಯಿ ಒಂದು ಹೇಳಿ, ತಕ್ಕಡಿ ಇನ್ನೊಂದು ಹೇಳಿದರೆ ಜನ ತಕ್ಕಡಿಯ ಮಾತೇ ಕೇಳುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಅದಕ್ಕೆ ಮೊದಲ ಸುತ್ತಿನ ಫ್ಲೈ ಪಿಕಿಂಗಿಗೆ, ಅಂದರೆ ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಕುಯ್ಯುವುದಕ್ಕೆ, ದಿನಗೂಲಿ ಕೊಡೋಣ ಅಂತ ಸಾಹುಕಾರರನ್ನು ಒಪ್ಪಿಸಿದೆ. ಹಸಿರು, ಅರೆಹಣ್ಣು, ಹಣ್ಣು ಮೂರನ್ನೂ ಅಂಗೈಯಲ್ಲಿಟ್ಟು ತೋರಿಸಿದೆ. ಹಸಿರು ಕಾಯಿ ಪಲ್ಪರ್ ಮೆಷಿನಿನಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ, ಕೆಡುತ್ತದೆ ಅಂತ ಕಾರಣವನ್ನೂ ಹೇಳಿದೆ. ಕಾರಣ ಗೊತ್ತಾದ ಮೇಲೆ ಕೆಲವರು ಕಣಕ್ಕೇ ಬಂದು ನೋಡಿದರು.

ಆನೆ ಸುದ್ದಿಯದ್ದು ಬೇರೆಯೇ ಕಥೆ. "ಆನೆ ಬಂದಿದೆ, ಹುಷಾರ್" ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಸುಮ್ನೆ ಗಾಬರಿ, ಅಷ್ಟೇ. ಎಲ್ಲಿ? ಯಾವಾಗ? ನಿನ್ನೆಯದ್ದನ್ನೇ ಇವತ್ತು ಫಾರ್ವರ್ಡ್ ಮಾಡುವವರೂ ಇದ್ದಾರೆ. ನಾನು ಮೊದಲು ಹೊತ್ತು, ಆಮೇಲೆ ಜಾಗ, ಎಷ್ಟು ಆನೆ, ಯಾವ ಕಡೆ ಮುಖ ಅಂತ ಹೇಳಿ ವಾಯ್ಸ್ ಮೆಸೇಜ್ ಹಾಕುತ್ತೇನೆ. ಓದಲು ಬಾರದವರು ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಜಾಸ್ತಿ. ಜಾಗಕ್ಕೆ ಬ್ಲಾಕ್ ನಂಬರ್ ಹೇಳಿದರೆ ಅದು ನನಗೆ ಮಾತ್ರ ಗೊತ್ತು. "ಕೆರೆ ಏರಿ ಪಕ್ಕದ ಹಲಸಿನ ಮರ" ಅಂದರೆ ಎಲ್ಲರಿಗೂ ಗೊತ್ತು. ಆನೆ ದಾಟಿ ಹೋದ ಮೇಲೆ ಅದನ್ನೂ ತಿಳಿಸಬೇಕು. ಇಲ್ಲದಿದ್ದರೆ ಮಾರನೇ ದಿನ ಆ ಕಡೆ ಕೆಲಸಕ್ಕೆ ಯಾರೂ ಹೊರಡುವುದಿಲ್ಲ.