ಹಾಬ್ಸ್, ಲಾಕ್, ರೂಸೋ ಒಂದೇ ಗ್ರೂಪ್‌ನಲ್ಲಿ: ಈ ಪ್ರಾಜೆಕ್ಟ್ ಮಾಡಿಸುವುದು ಹೇಗೆ?

ರಾಜಕೀಯ ಚಿಂತಕರ ಪಾಠ ಬಂತೆಂದರೆ ಈಗ ಎಲ್ಲರೂ ಕೊಡುವ ಕೆಲಸ ಒಂದೇ: 'ರೂಸೋಗೆ ಇನ್‌ಸ್ಟಾಗ್ರಾಂ ಪ್ರೊಫೈಲ್ ಮಾಡಿಕೊಂಡು ಬನ್ನಿ.' ಮಕ್ಕಳು ಖುಷಿಯಿಂದಲೇ ಮಾಡುತ್ತಾರೆ. ಹುಟ್ಟಿದ್ದು 1712, ಊರು ಜಿನೀವಾ, ಒಂದು ಹಳೇ ಚಿತ್ರ, ಕೆಳಗೆ 'ಸ್ವಾತಂತ್ರ್ಯ' ಅಂತ ಒಂದು ಹ್ಯಾಶ್‌ಟ್ಯಾಗ್. ನೋಡಲು ಚೆಂದ. ಆದರೆ 'ರೂಸೋ ಹೇಳಿದ್ದೇನಪ್ಪಾ?' ಎಂದು ಕೇಳಿ ನೋಡಿ. ಮಾಡಿದವರೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಂಥ ಪ್ರಾಜೆಕ್ಟ್‌ಗಳನ್ನು ರಾಶಿ ರಾಶಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಫೋನ್ ಕೈಗೆ ಬರುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರಬೇಕು.

ಹಂತ 1: ಜಗಳವಾಡುವವರನ್ನು ಆರಿಸಿ

ಪುಸ್ತಕದಲ್ಲಿರುವ ಎಲ್ಲ ಚಿಂತಕರನ್ನೂ ಒಂದೊಂದು ತಂಡಕ್ಕೆ ಹಂಚಬೇಡಿ. ನಾಲ್ವರು ಸಾಕು. ಒಬ್ಬರ ಮಾತು ಇನ್ನೊಬ್ಬರಿಗೆ ಚುಚ್ಚುವಂತಿರಬೇಕು. ನನ್ನ ಆಯ್ಕೆ, ರಾಜ್ಯ ಹುಟ್ಟಿದ್ದು ಜನರ ಒಪ್ಪಂದದಿಂದ ಎಂದು ವಾದಿಸಿದ ಹಾಬ್ಸ್, ಲಾಕ್, ರೂಸೋ ಮತ್ತು ಹೆಣ್ಣಿನ ಹಕ್ಕುಗಳ ಬಗ್ಗೆ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್. ತಂಡಗಳು ಜಾಸ್ತಿ ಇದ್ದರೆ ಒಬ್ಬರನ್ನೇ ಎರಡು ತಂಡಕ್ಕೆ ಕೊಡಿ. ತರಗತಿಯಲ್ಲಿ ಇಬ್ಬರು ಹಾಬ್ಸ್ ಇದ್ದರೆ ಯಾರು ಅಸಲಿ ಅಂತ ಅವರವರೇ ವಾದಿಸುತ್ತಾರೆ, ಅದೂ ಪಾಠವೇ. ಅಧಿಕಾರ ಉಳಿಸಿಕೊಳ್ಳುವುದು ಹೇಗೆಂದು ಅರಸರಿಗೆ ಬರೆದ ಇಟಲಿಯ ಮ್ಯಾಕಿಯವೆಲ್ಲಿಯನ್ನು ಮೊದಲ ಸಲ ಬಿಟ್ಟುಬಿಡಿ. ಆತ ಕುತಂತ್ರಿ ಅನ್ನುವ ಮೀಮ್ ಬಿಟ್ಟು ಬೇರೇನೂ ಬರುವುದಿಲ್ಲ.

ಹಂತ 2: ವಾದದ ಚೀಟಿ

ಎಲ್ಲರೂ ಹಾರಿಸುವ ಹಂತ ಇದು. ಎರಡು ಪೀರಿಯಡ್ ಇದಕ್ಕೇ ಇಡಿ. ಪ್ರತಿ ತಂಡಕ್ಕೂ ಒಂದು ಹಾಳೆ, ನಾಲ್ಕು ಪ್ರಶ್ನೆ:

ಸರ್ಕಾರವೇ ಇಲ್ಲದಿದ್ದರೆ ಮನುಷ್ಯರು ಹೇಗಿರುತ್ತಾರೆ?
ಈ ಚಿಂತಕರಿಗೆ ಯಾವುದರ ಭಯ ಜಾಸ್ತಿ?
ಜನ ಏನನ್ನು ಬಿಟ್ಟುಕೊಡಬೇಕು, ಯಾರಿಗೆ?
ಆಳುವವರು ಕೆಟ್ಟರೆ ಜನ ಏನು ಮಾಡಬಹುದು?

ಒಂದೊಂದಕ್ಕೆ ಎರಡೇ ವಾಕ್ಯ. ಓದುವಾಗ ಪುಸ್ತಕ ತೆರೆದಿರಲಿ, ಬರೆಯುವಾಗ ಮುಚ್ಚಿರಲಿ. ಮೂಲದಿಂದ ಒಂದೆರಡು ಪುಟ ಓದಿಸಿ. ಹಾಬ್ಸ್‌ನ ಲೆವಯಥನ್ ಪುಸ್ತಕದಲ್ಲಿ 13ನೇ ಅಧ್ಯಾಯ, ಲಾಕ್‌ನ ಸರ್ಕಾರದ ಕುರಿತ ಎರಡನೇ ಪ್ರಬಂಧದಲ್ಲಿ 9ನೇ ಅಧ್ಯಾಯ, ರೂಸೋನ ಸಾಮಾಜಿಕ ಒಪ್ಪಂದದಲ್ಲಿ ಮೊದಲ ಭಾಗದ 6ನೇ ಅಧ್ಯಾಯ. ಎಲ್ಲವೂ ಚಿಕ್ಕವೇ.

ಎಲ್ಲಿ ಎಡವುತ್ತಾರೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. ಹಾಬ್ಸ್ ತಂಡ 'ಈತನಿಗೆ ರಾಜ ಅಂದರೆ ಇಷ್ಟ' ಎಂದು ಬರೆದು ಮುಗಿಸುತ್ತದೆ. ತಡೆಯಿರಿ. 1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಶುರುವಾದಾಗ ಆತ ಪ್ಯಾರಿಸ್‌ನಲ್ಲಿದ್ದ. ಲೆವಯಥನ್ ಬಂದಿದ್ದು 1651ರಲ್ಲಿ. ಆತನಿಗಿದ್ದ ದೊಡ್ಡ ಭಯ ಇಂಥ ಕಾಳಗದ್ದು. ಎಲ್ಲರ ಮೇಲೂ ಒಂದು ಗಟ್ಟಿ ಅಧಿಕಾರ ಇರಬೇಕು ಅನ್ನುವುದು ಆತನ ವಾದ. ಅದು ರಾಜನದೇ ಆಗಬೇಕಿಲ್ಲ, ಒಂದು ಸಭೆಯದೂ ಆಗಬಹುದು. ಪುಸ್ತಕ ಓದಿ ರಾಜನ ಕಡೆಯವರೇ ಸಿಟ್ಟಾದರು. ಇನ್ನೊಂದು ಸಂಗತಿ: ಎಲ್ಲ ಬಿಟ್ಟುಕೊಟ್ಟರೂ ತನ್ನ ಜೀವ ಉಳಿಸಿಕೊಳ್ಳುವ ಹಕ್ಕು ಮನುಷ್ಯನ ಹತ್ತಿರವೇ ಇರುತ್ತದೆ. ಈ ಒಂದು ಸಾಲು ಚೀಟಿಯಲ್ಲಿ ಇಲ್ಲದಿದ್ದರೆ ವಾಪಸ್ ಕಳಿಸಿ.

ಲಾಕ್ ತಂಡ 'ಲಾಕ್ ಹಾಬ್ಸ್‌ಗೆ ಉತ್ತರ ಕೊಟ್ಟ' ಎಂದು ಬರೆಯುತ್ತದೆ. ಆತ ಹೆಸರಿಟ್ಟು ಎದುರಿಸಿದ್ದು ರಾಬರ್ಟ್ ಫಿಲ್ಮರ್ ಎಂಬವನನ್ನು. ಬೈಬಲ್ಲಿನ ಮೊದಲ ಮನುಷ್ಯ ಆದಮನಿಗೆ ತಂದೆಯಾಗಿ ಸಿಕ್ಕ ಅಧಿಕಾರವೇ ರಾಜರಿಗೆ ಇಳಿದು ಬಂದಿದೆ ಅನ್ನುತ್ತಿದ್ದವನು ಈ ಫಿಲ್ಮರ್. ಲಾಕ್ ಪ್ರಕಾರ ಸರ್ಕಾರ ಇಲ್ಲದಾಗಲೂ ಸರಿ ತಪ್ಪು ಇರುತ್ತದೆ. ಆದರೆ ತೀರ್ಪು ಹೇಳಲು ಮಧ್ಯಸ್ಥರಿಲ್ಲ, ಪ್ರತಿಯೊಬ್ಬನೂ ತನ್ನ ಕೇಸಿಗೆ ತಾನೇ ಜಡ್ಜ್. ತೊಂದರೆ ಅಲ್ಲಿಂದ ಶುರು. ನಂಬಿಕೆಗೆ ದ್ರೋಹ ಮಾಡಿದ ಸರ್ಕಾರವನ್ನು ಜನ ಬದಲಾಯಿಸಬಹುದು. ಲಾಕ್ ಇದನ್ನು ಬರೆಯುತ್ತಿದ್ದ ಕಾಲದಲ್ಲಿ ಇಂಥ ಮಾತಿಗೆ ತಲೆ ಹೋಗುವ ಅಪಾಯವಿತ್ತು. 1689ರಲ್ಲಿ ಪುಸ್ತಕ ಹೊರಬಂದಾಗ ಮೇಲೆ ಲೇಖಕನ ಹೆಸರೇ ಇರಲಿಲ್ಲ.

ಅತಿ ಕಷ್ಟ ರೂಸೋ. 'ಕಾಡಿಗೆ ಹಿಂತಿರುಗಿ ಅಂದ' ಎಂಬುದು ಒಂದು ತಪ್ಪು. 'ಬಹುಮತವೇ ಸಾಮಾನ್ಯ ಇಚ್ಛೆ' ಎಂಬುದು ಇನ್ನೊಂದು. ಸಾಮಾನ್ಯ ಇಚ್ಛೆ ಅಂದರೆ ಎಲ್ಲರ ಹಿತವನ್ನು ಬಯಸುವ, ಇಡೀ ಸಮಾಜದ ಇಚ್ಛೆ. ಪ್ರತಿಯೊಬ್ಬರೂ ತಮ್ಮ ತಮ್ಮ ಲಾಭ ನೋಡಿಕೊಂಡು ಹೇಳಿದ್ದನ್ನು ಒಟ್ಟು ಸೇರಿಸಿದರೆ ಅದು ಸಾಮಾನ್ಯ ಇಚ್ಛೆ ಆಗುವುದಿಲ್ಲ ಅಂತ ಆತನೇ ಬಿಡಿಸಿ ಹೇಳಿದ್ದಾನೆ. ಅದು ಸಿಗಬೇಕಾದರೆ, ಎಲ್ಲರಿಗೂ ಒಳ್ಳೆಯದಾಗುವುದು ಯಾವುದು ಎಂದು ಎಲ್ಲರೂ ಕೇಳಿಕೊಳ್ಳಬೇಕು. ಇಂಗ್ಲಿಷರು ತಾವು ಸ್ವತಂತ್ರರು ಅಂದುಕೊಂಡಿದ್ದಾರೆ, ಆದರೆ ಚುನಾವಣೆ ನಡೆಯುವಾಗ ಮಾತ್ರ ಸ್ವತಂತ್ರರು ಎಂದು ಆತ ಕುಟುಕಿದ್ದನ್ನು ಹೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಚೀಟಿ ಸರಿಯಿದೆಯೇ ಎಂದು ತಿಳಿಯಲು ಹೆಸರು ಮುಚ್ಚಿ ಬೇರೆ ತಂಡಕ್ಕೆ ಕೊಡಿ. ಯಾರದೆಂದು ಗುರುತು ಸಿಗದಿದ್ದರೆ ಹೊಸದಾಗಿ ಬರೆಯಬೇಕು. 'ಜನರ ಹಿತ ಬಯಸಿದ ಮಹಾನ್ ಚಿಂತಕ' ಎಂದು ಬರೆದಿದ್ದರೆ ಅಲ್ಲೇ ಹೊಡೆದು ಹಾಕಿ. ಆ ಮಾತು ಯಾರಿಗೆ ಹೊಂದುವುದಿಲ್ಲ, ಹೇಳಿ?

'ನಾನು ಹಾಬ್ಸ್' ಎಂದು ಮಾತಾಡುವ ಚಾಟ್‌ಬಾಟ್‌ಗಳಿವೆ. ಈ ಹಂತದಲ್ಲಿ ಬೇಡವೇ ಬೇಡ. ಅವು ಹಾಬ್ಸ್‌ನನ್ನು ಎಲ್ಲದಕ್ಕೂ ತಲೆಯಾಡಿಸುವ ಸಭ್ಯ ಮನುಷ್ಯನನ್ನಾಗಿ ಮಾಡಿಬಿಡುತ್ತವೆ. ಚೀಟಿ ಮುಗಿದ ಮೇಲೆ ಬೇಕಾದರೆ ತೆರೆಯಿರಿ. ಚೀಟಿ ಹಿಡಿದು ಅದರ ತಪ್ಪು ಹುಡುಕುವುದು ಮಕ್ಕಳಿಗೆ ಭಾರಿ ಇಷ್ಟ.

ಹಂತ 3: ಇವತ್ತಿನ ಒಂದು ಪ್ರಶ್ನೆ ಕೊಡಿ

ಎಲ್ಲ ತಂಡಕ್ಕೂ ಒಂದೇ ಪ್ರಶ್ನೆ. ಉದಾಹರಣೆಗೆ, ಪ್ರತಿ ಕ್ಲಾಸ್‌ರೂಮಿನಲ್ಲಿ ಕ್ಯಾಮೆರಾ ಇರಬೇಕೇ? ಹಾಬ್ಸ್ ಆದವರು ಶಾಂತಿ ಉಳಿಯುತ್ತದೆ ಅಂದರೆ ಹಾಕಲಿ ಅನ್ನಬಹುದು. ಲಾಕ್ ಆದವರು ಆ ವಿಡಿಯೊ ಯಾರ ಕೈಯಲ್ಲಿರುತ್ತದೆ, ದುರುಪಯೋಗ ಆದರೆ ಯಾರನ್ನು ಕೇಳುವುದು ಎಂದು ಹಿಡಿದುಕೊಳ್ಳಬೇಕು. ರೂಸೋ ಆದವರು 'ನಿಯಮ ಮಾಡುವಾಗ ನಮ್ಮನ್ನು ಕೇಳಿದಿರಾ? ಸ್ಟಾಫ್ ರೂಮಿನಲ್ಲೂ ಕ್ಯಾಮೆರಾ ಇರುತ್ತಾ?' ಎನ್ನಬೇಕು. ಉತ್ತರದ ಪ್ರತಿ ಸಾಲಿಗೂ ಚೀಟಿಯ ಯಾವ ಪ್ರಶ್ನೆ ಆಧಾರ ಎಂದು ಪಕ್ಕದಲ್ಲಿ ನಂಬರ್ ಹಾಕಿಸಿ.

ಹಂತ 4: ಮಾಧ್ಯಮ

ಪಾಡ್‌ಕಾಸ್ಟ್ ಮಾಡಿಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮೂರು ನಿಮಿಷ, ಎರಡು ದನಿ, ಫೋನಿನ ರೆಕಾರ್ಡರ್, ಸದ್ದಿಲ್ಲದ ಕೋಣೆ. ವಿಡಿಯೊ ಅಂದರೆ ವಾರವಿಡೀ ಎಡಿಟಿಂಗ್ ಮತ್ತು ಮ್ಯೂಸಿಕ್ ಹುಡುಕುವುದರಲ್ಲೇ ಹೋಗುತ್ತದೆ.

ಪ್ರೊಫೈಲೇ ಬೇಕೆಂದು ಹಟ ಹಿಡಿದರೆ ಹಾಳೆಯ ಮೇಲೋ ಸ್ಲೈಡ್‌ನಲ್ಲೋ ಮಾಡಲಿ. ಸತ್ತವರ ಹೆಸರಲ್ಲಿ ನಿಜವಾದ ಖಾತೆ ತೆರೆಯಬೇಡಿ. ಮಕ್ಕಳು ಬರೆದ ಸಾಲನ್ನು ಯಾರೋ ಲಾಕ್‌ನದೇ ಮಾತೆಂದು ಹಂಚಿಬಿಡುತ್ತಾರೆ. ರೆಡಿಮೇಡ್ ಟೆಂಪ್ಲೇಟ್‌ಗಳನ್ನೂ ದೂರ ಇಡಿ. 'ಹವ್ಯಾಸ', 'ಇಷ್ಟದ ಬಣ್ಣ' ಅಂತ ಹತ್ತು ಡಬ್ಬಿ ಇರುತ್ತವೆ, ವಾದಕ್ಕೆ ಮಾತ್ರ ಜಾಗ ಇರುವುದಿಲ್ಲ.

ಉಲ್ಲೇಖ ಚಿಹ್ನೆ ಹಾಕಿದರೆ ಪುಸ್ತಕ, ಅಧ್ಯಾಯ ಹೇಳಲೇಬೇಕು. 'ನೀನು ಹೇಳುವುದನ್ನು ಒಪ್ಪುವುದಿಲ್ಲ, ಆದರೆ ಹೇಳುವ ಹಕ್ಕಿಗಾಗಿ ಪ್ರಾಣ ಕೊಡುತ್ತೇನೆ' ಎಂಬುದನ್ನು ಎಲ್ಲ ಪೋಸ್ಟರ್‌ಗಳೂ ಫ್ರೆಂಚ್ ಲೇಖಕ ವಾಲ್ಟೇರ್ ಹೆಸರಿಗೆ ಹಾಕುತ್ತವೆ. ಅದನ್ನು ಬರೆದಿದ್ದು ಈವ್ಲಿನ್ ಬಿಯಾಟ್ರಿಸ್ ಹಾಲ್, 1906ರಲ್ಲಿ, ವಾಲ್ಟೇರ್‌ನ ಧೋರಣೆ ಹೀಗಿತ್ತು ಎಂದು ವಿವರಿಸುತ್ತಾ. ವಾಲ್ಟೇರ್ ಸತ್ತು ಆಗಲೇ ನೂರು ವರ್ಷ ದಾಟಿತ್ತು.

ಹಂತ 5: ಕಾಮೆಂಟ್‌ಗಳು

ಎಲ್ಲ ಕೆಲಸವನ್ನೂ ಗೋಡೆಗೆ ಅಂಟಿಸಿ, ಇಲ್ಲವೇ ಕೇಳಿಸಿ. ಈಗ ಪ್ರತಿ ತಂಡವೂ ತನ್ನ ಚಿಂತಕರಾಗಿಯೇ ಉಳಿದವರಿಗೆ ಕಾಮೆಂಟ್ ಬರೆಯಬೇಕು. ಸುಮ್ನೆ 'ಸೂಪರ್' ನಡೆಯುವುದಿಲ್ಲ. ಮೊದಲ ಸುತ್ತಿನಲ್ಲಿ ನಂತರ ಬಂದವರು ಮಾತ್ರ ಹಿಂದಿನವರಿಗೆ ಎದುರಾಡಲಿ, ಆಗ ಇಸವಿಗಳು ತಾವಾಗಿಯೇ ನೆನಪಿನಲ್ಲಿ ಕೂರುತ್ತವೆ. ವುಲ್‌ಸ್ಟನ್‌ಕ್ರಾಫ್ಟ್ ತಂಡಕ್ಕೆ ಇಲ್ಲಿ ಹಬ್ಬ. ಹೆಣ್ಣಿನ ಓದು ಗಂಡಿಗೆ ಹಿತವಾಗುವಂತಿರಬೇಕು ಎಂದು ರೂಸೋ 1762ರಲ್ಲಿ ಬರೆದಿದ್ದ. ಆಕೆ 1792ರ ತನ್ನ ಪುಸ್ತಕದಲ್ಲಿ ಅವನನ್ನು ಹೆಸರು ಹಿಡಿದೇ ತರಾಟೆಗೆ ತೆಗೆದುಕೊಂಡಳು.

ರೂಸೋ ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟಿದ್ದು, ಗುಲಾಮರ ವ್ಯಾಪಾರ ಮಾಡುತ್ತಿದ್ದ ಕಂಪನಿಯಲ್ಲಿ ಲಾಕ್ ಹಣ ಹಾಕಿದ್ದು ಹೊರಬಂದೇ ಬರುತ್ತದೆ. ಬರಲಿ, ಮುಚ್ಚಬೇಡಿ. ಆದರೆ ಬೈದು ಬಿಡುವಂತಿಲ್ಲ. 'ಸ್ವಾತಂತ್ರ್ಯದ ಬಗ್ಗೆ ಬರೆದವನ ವಾದದೊಳಗೆ ಇದಕ್ಕೆ ಜಾಗ ಇತ್ತಾ, ಇಲ್ಲವಾ?' ಎಂದು ಕೇಳಿ, ಚೀಟಿ ತೋರಿಸಿ ಉತ್ತರಿಸಲು ಹೇಳಿ.

ಹಂತ 6: ಅಂಕ

ಇಪ್ಪತ್ತರಲ್ಲಿ ಚೀಟಿಗೆ 8, ಇವತ್ತಿನ ಪ್ರಶ್ನೆಗೆ 6, ಕಾಮೆಂಟಿಗೆ 4, ಅಂದಚೆಂದಕ್ಕೆ 2. ಇದನ್ನು ಮೊದಲ ದಿನವೇ ಬೋರ್ಡ್ ಮೇಲೆ ಬರೆಯಿರಿ, ಇಲ್ಲವಾದರೆ ಎಲ್ಲರೂ ಆ ಎರಡು ಅಂಕದ ಹಿಂದೆಯೇ ಓಡುತ್ತಾರೆ. ತಂಡದಲ್ಲಿ ಸುಮ್ಮನೆ ಕೂತವರೂ ಇರುತ್ತಾರಲ್ವಾ? ಅದಕ್ಕೇ ಚೀಟಿಯ 8 ಅಂಕವನ್ನು ಒಟ್ಟಾಗಿ ಕೊಡಬೇಡಿ. ಪ್ರತಿಯೊಬ್ಬರನ್ನೂ ಬೇರೆ ಬೇರೆ ಕರೆದು, ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನು ಕೇಳಿ, ಉತ್ತರ ನೋಡಿ ಹಾಕಿ.