ಹೊಸ ಮಾನಿಟರ್ ತಂದವರು ಮೊದಲು ಇದನ್ನು ನೋಡಿ

ಗೆಳೆಯರೇ, 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರ್ ತಂದು, ಕೇಬಲ್ ಸಿಕ್ಕಿಸಿ, ನೇರ ಆಟಕ್ಕೆ ಕೂತುಬಿಡುತ್ತೇವೆ. ಆದರೆ ವಿಂಡೋಸ್ ಎಷ್ಟೋ ಸಲ ಅದನ್ನು 60 ಹರ್ಟ್ಜ್‌ನಲ್ಲೇ ಓಡಿಸುತ್ತಿರುತ್ತದೆ. ನನ್ನದು ಹೀಗೆಯೇ ತಿಂಗಳುಗಟ್ಟಲೆ ಓಡಿತ್ತು. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ ನೀವೇ ಬದಲಿಸಿ. 60ರಲ್ಲಿ ಒಂದೊಂದು ಫ್ರೇಮ್, ಅಂದರೆ ಒಂದೊಂದು ಚಿತ್ರ, ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9 ಮಾತ್ರ. ಮೌಸ್ ಬಾಣವನ್ನು ಗರಗರ ಸುತ್ತಿಸಿ ನೋಡಿ, ಮೊದಲು ಬಿಡಿಬಿಡಿಯಾಗಿ ಕಾಣುತ್ತಿದ್ದ ಬಾಣದ ನೆರಳುಗಳು ಈಗ ಒತ್ತೊತ್ತಾಗಿ ಬರುತ್ತವೆ. ಆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಪಟ್ಟಿಯಲ್ಲಿ 144 ಇಲ್ಲವೇ ಇಲ್ಲ ಅಂದರೆ ಸಿಪಿಯು ಡಬ್ಬದ ಹಿಂದೆ ನೋಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟಿಗೆ ಹೋಗಿದ್ದರೆ ಅದನ್ನು ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೆ ಹಾಕಿ. ಸಾಧ್ಯವಿದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಬಳಸಿ.

ಟಿವಿಗೆ ಕನ್ಸೋಲ್ ಜೋಡಿಸಿದವರು ಗೇಮ್ ಮೋಡ್ ಆನ್ ಮಾಡಲೇಬೇಕು. ಸಿನಿಮಾಗೆಂದು ಇರುವ ಮೋಷನ್ ಸ್ಮೂದಿಂಗ್, ನಡುವೆ ಹೊಸ ಫ್ರೇಮ್ ಹುಟ್ಟಿಸಲು ಚಿತ್ರವನ್ನು ತಡೆದು ಇಟ್ಟುಕೊಳ್ಳುತ್ತದೆ, ಹಾಗಾಗಿ ಬಟನ್ ಒತ್ತಿದ ಮೇಲೆ ಪಾತ್ರ ತಡವಾಗಿ ಜಿಗಿಯುತ್ತದೆ. ಗೇಮ್ ಮೋಡ್ ಇದನ್ನು ನಿಲ್ಲಿಸುತ್ತದೆ. ಪ್ಲೇಸ್ಟೇಷನ್ 5ರಲ್ಲಿ 4ಕೆ ಚಿತ್ರ 120 ಹರ್ಟ್ಜ್‌ನಲ್ಲಿ ಬೇಕಿದ್ದರೆ ಎಚ್‌ಡಿಎಂಐ 2.1 ಪೋರ್ಟ್ ಬೇಕು. ಅನೇಕ ಟಿವಿಗಳಲ್ಲಿ ಎಲ್ಲ ಪೋರ್ಟೂ ಹಾಗಿರುವುದಿಲ್ಲ, ಪಕ್ಕದಲ್ಲಿ ಬರೆದಿರುವುದನ್ನು ಓದಿ. ಪ್ಲೇಸ್ಟೇಷನ್ ಬಾಕ್ಸಿನಲ್ಲಿ ಬಂದ ಕೇಬಲ್ಲನ್ನೇ ಹಾಕಿ, ಹಳೆಯದು ಬೇಡ.

ಇಷ್ಟು ಮಾಡಿಯೂ ಆಟ ತಡವರಿಸಿದರೆ ಫ್ಯಾನಿನ ಧೂಳು ತೆಗೆಯಿರಿ. ಬಿಸಿಯಾದ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.